ಬಾಂಬ್ ಹಾಕಿದವರು, ಹಾಕಿಸಿಕೊಂಡವರು ಒಂದೇ ವೇದಿಕೆಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದ ದೇಶಗಳ ಜನ ಆಮೇಲೆ ಒಟ್ಟಿಗೆ ಕೂತು ಸಂಗೀತ ಕಚೇರಿ ಮಾಡಿದ ಉದಾಹರಣೆಗಳು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸಾಕಷ್ಟಿವೆ. ಈ ವಿಷಯ ಎತ್ತಿದರೆ ಸಾಕು, ಅವೇ ಕೆಲವು ಪ್ರಶ್ನೆಗಳು ಬರುತ್ತವೆ. ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಸಿಟ್ಟಿನಿಂದ ಕೇಳುತ್ತಾರೆ. ಸಿಟ್ಟಿನ ಪ್ರಶ್ನೆಗಳೇ ಜಾಸ್ತಿ ಮುಖ್ಯ ಅನ್ನಿಸಿದ್ದರಿಂದ ಅವನ್ನೂ ಬಿಡದೆ ಇಲ್ಲಿ ತಗೊಂಡಿದ್ದೇನೆ. ಹೆಚ್ಚಿನ ಮಾತು ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1962ರಲ್ಲಿ ನಡೆದ ಒಂದು ಕಚೇರಿಯ ಬಗ್ಗೆ. ಉಳಿದ ಊರುಗಳು ಅದರ ಜೊತೆ ಹೋಲಿಸಿ ನೋಡುವುದಕ್ಕೆ.

ಸಂಗೀತ ಕಚೇರಿ ಮಾಡಿದರೆ ಶತ್ರುಗಳು ಸ್ನೇಹಿತರಾಗಿಬಿಡುತ್ತಾರಾ?

ಇಲ್ಲ. ಒಂದು ಸಂಜೆಯ ಕಚೇರಿಯಿಂದ ಯಾವ ಯುದ್ಧವೂ ನಿಂತಿಲ್ಲ, ಯಾವ ಗಡಿ ತಕರಾರೂ ಬಗೆಹರಿದಿಲ್ಲ. ಹಾಗಂತ ಅದನ್ನು ಬರೀ ತೋರಿಕೆ ಅಂತ ತಳ್ಳಿಹಾಕಲೂ ಆಗುವುದಿಲ್ಲ. ಒಪ್ಪಂದಕ್ಕೆ ಸರ್ಕಾರಗಳು ಸಹಿ ಹಾಕುತ್ತವೆ. ಮಗನನ್ನು ಕಳಕೊಂಡ ತಾಯಿಗೆ, ಮನೆ ಸುಟ್ಟುಹೋದ ಮುದುಕನಿಗೆ ಆ ಸಹಿಯಿಂದ ಸಮಾಧಾನ ಸಿಗುವುದಿಲ್ಲ. ತಮ್ಮವರ ಸಾವಿಗೆ ಆ ಕಡೆಯವರ ಕಣ್ಣಲ್ಲೂ ನೀರು ಬಂತು ಅನ್ನುವುದು ಅವರಿಗೆ ಗೊತ್ತಾಗಬೇಕು. ಅದಕ್ಕೊಂದು ಜಾಗ ಬೇಕು, ಹೊತ್ತು ಬೇಕು. ಒಳ್ಳೆಯ ಕಚೇರಿ ಅದನ್ನು ಒದಗಿಸುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಎರಡೂ ಕಡೆ ಸತ್ತವರನ್ನು ನೆನೆಯುವ ಕಚೇರಿ ಮಾತ್ರ ಫಲ ಕೊಡುತ್ತದೆ. ಅದೂ ಏಟು ತಿಂದವರು ಮನಸ್ಸು ಮಾಡಿ ಕರೆದಾಗ. ಮಿಕ್ಕಿದ್ದೆಲ್ಲ ಸಮಾರಂಭ ಅಷ್ಟೇ.

ಕವೆಂಟ್ರಿಯಲ್ಲಿ ಅಂಥದ್ದೇನಾಗಿತ್ತು?

1940ರ ನವೆಂಬರ್ 14ರ ರಾತ್ರಿ ಐನೂರಕ್ಕೂ ಹೆಚ್ಚು ಜರ್ಮನ್ ವಿಮಾನಗಳು ಈ ಕೈಗಾರಿಕಾ ಊರಿನ ಮೇಲೆ ಸುಮಾರು 11 ಗಂಟೆ ಬಾಂಬ್ ಸುರಿದವು. 568 ಜನ ಸತ್ತರು. ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಮಧ್ಯಯುಗದಿಂದ ನಿಂತಿದ್ದ ಸೇಂಟ್ ಮೈಕಲ್ ಕೆಥೆಡ್ರಲ್, ಅಂದರೆ ಊರಿನ ಮುಖ್ಯ ಚರ್ಚು, ಉರಿದುಹೋಗಿ ಹೊರಗೋಡೆಗಳು ಮತ್ತು ಗೋಪುರ ಮಾತ್ರ ಉಳಿದವು. ಆ ದಾಳಿಗೆ ಜರ್ಮನರು ಇಟ್ಟಿದ್ದ ಗುಪ್ತ ಹೆಸರು 'ಮೂನ್‌ಲೈಟ್ ಸೊನಾಟಾ'. ಬೀಥೋವನ್‌ನ ಪಿಯಾನೋ ಕೃತಿಯ ಹೆಸರದು. ಸಂಗೀತ ಮನುಷ್ಯರನ್ನು ತನ್ನಷ್ಟಕ್ಕೆ ತಾನೇ ಒಳ್ಳೆಯವರನ್ನಾಗಿ ಮಾಡುತ್ತದೆ ಅಂತ ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಈ ಹೆಸರೇ.

ಮುಂದಾಗಿದ್ದು ಮುಖ್ಯ. ಕೆಥೆಡ್ರಲ್‌ನ ಮುಖ್ಯಸ್ಥರಾಗಿದ್ದ ರಿಚರ್ಡ್ ಹೋವರ್ಡ್, ದಾಳಿಯಾಗಿ ಆರು ವಾರವೂ ಆಗಿರಲಿಲ್ಲ, ಆ ವರ್ಷದ ಕ್ರಿಸ್‌ಮಸ್ ದಿನ ಅದೇ ಅವಶೇಷಗಳ ನಡುವಿನಿಂದ ರೇಡಿಯೋದಲ್ಲಿ ಮಾತಾಡಿದರು. ಸೇಡಿನ ಯೋಚನೆಯನ್ನು ಮನಸ್ಸಿನಿಂದ ಓಡಿಸಲು ನೋಡುತ್ತಿದ್ದೇವೆ ಅಂದರು. ಆಗಿನ್ನೂ ದಿನಾ ಬಾಂಬ್ ಬೀಳುತ್ತಿದ್ದವು. ಅಂಥ ಹೊತ್ತಲ್ಲಿ ಆ ಮಾತು ಆಡುವುದಕ್ಕೆ ಎದೆ ಬೇಕು. ಕೇಳಿದವರೆಲ್ಲ ಒಪ್ಪಿರಲಾರರು, ಅದೂ ಸಹಜವೇ. ಸುಟ್ಟ ಮಾಡಿನಿಂದ ಉದುರಿದ ಹಳೇ ಕಾಲದ ದೊಡ್ಡ ಮೊಳೆಗಳನ್ನು ಸೇರಿಸಿ ಒಂದು ಶಿಲುಬೆ ಮಾಡಿದರು. ಯುದ್ಧ ಮುಗಿದ ಮೇಲೆ ಅಂಥದ್ದೇ ಒಂದು ಮೊಳೆಯ ಶಿಲುಬೆ ಜರ್ಮನಿಯ ಕೀಲ್ ನಗರಕ್ಕೆ ಹೋಯಿತು. ಆ ಊರನ್ನು ಇಂಗ್ಲಿಷ್ ಮತ್ತು ಅಮೆರಿಕನ್ ವಿಮಾನಗಳು ಪುಡಿ ಮಾಡಿದ್ದವು.

ಹೊಸ ಕೆಥೆಡ್ರಲ್ಲನ್ನು ವಾಸ್ತುಶಿಲ್ಪಿ ಬಾಸಿಲ್ ಸ್ಪೆನ್ಸ್ ಹಳೆಯದರ ಪಕ್ಕದಲ್ಲೇ ಕಟ್ಟಿದರು. ಹಳೆಯ ಗೋಡೆಗಳನ್ನು ಕೆಡವದೆ ಹಾಗೇ ಬಿಟ್ಟರು. ಇವತ್ತೂ ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಬಹುದು. 1962ರ ಮೇ 25ಕ್ಕೆ ಹೊಸದರ ಪ್ರತಿಷ್ಠೆಯಾಯಿತು. ಐದು ದಿನ ಬಿಟ್ಟು, ಮೇ 30ರಂದು, ನಾವು ಮಾತಾಡುತ್ತಿರುವ ಕಚೇರಿ ನಡೆಯಿತು.

ಆ ಕಚೇರಿಯಲ್ಲಿ ಹಾಡಿದ್ದೇನು?

ಇಂಗ್ಲೆಂಡಿನ ಸಂಗೀತ ರಚನಕಾರ ಬೆಂಜಮಿನ್ ಬ್ರಿಟ್ಟನ್ ಅದಕ್ಕಾಗಿಯೇ ರಚಿಸಿದ 'ವಾರ್ ರೆಕ್ವಿಯಂ'. ಸತ್ತವರ ಆತ್ಮಕ್ಕೆ ಶಾಂತಿ ಕೋರಿ ಚರ್ಚಿನಲ್ಲಿ ಅರ್ಪಿಸುವ ಬಲಿಪೂಜೆಗೆ ರೆಕ್ವಿಯಂ ಅನ್ನುತ್ತಾರೆ. ಅದರ ಲ್ಯಾಟಿನ್ ಪಠ್ಯಕ್ಕೆ ಮೊಝಾರ್ಟ್, ವೆರ್ಡಿ ಮೊದಲಾದವರು ರಾಗ ಹಾಕಿದ್ದಾರೆ. ಬ್ರಿಟ್ಟನ್ ಇನ್ನೊಂದು ಕೆಲಸ ಮಾಡಿದರು. ಆ ಲ್ಯಾಟಿನ್ ಪ್ರಾರ್ಥನೆಯ ನಡುನಡುವೆ ವಿಲ್‌ಫ್ರೆಡ್ ಓವನ್‌ನ ಒಂಬತ್ತು ಇಂಗ್ಲಿಷ್ ಕವಿತೆಗಳನ್ನು ಸೇರಿಸಿದರು. ಓವನ್ ಮೊದಲ ಮಹಾಯುದ್ಧದ ಸೈನಿಕ. 1918ರ ನವೆಂಬರ್ 4ರಂದು ಫ್ರಾನ್ಸಿನಲ್ಲಿ ಗುಂಡು ತಗುಲಿ ಸತ್ತ. ವಯಸ್ಸು 25. ಸರಿಯಾಗಿ ಒಂದು ವಾರಕ್ಕೆ ಯುದ್ಧ ನಿಂತಿತು.

ವೇದಿಕೆಯ ಮೇಲೆ ಮೂರು ಗುಂಪು. ದೊಡ್ಡ ಆರ್ಕೆಸ್ಟ್ರಾ, ದೊಡ್ಡ ಗಾಯಕವೃಂದ ಮತ್ತು ಒಬ್ಬ ಗಾಯಕಿ ಸೇರಿ ಲ್ಯಾಟಿನ್ ಪ್ರಾರ್ಥನೆ ಹಾಡುತ್ತಾರೆ. ಪುಟ್ಟ ವಾದ್ಯಮೇಳದ ಜೊತೆ ಇಬ್ಬರು ಗಂಡಸರು ಓವನ್ನನ ಕವಿತೆ ಹಾಡುತ್ತಾರೆ, ಇಬ್ಬರು ಸೈನಿಕರ ಹಾಗೆ. ಇನ್ನು ದೂರದಲ್ಲೆಲ್ಲೋ ಆರ್ಗನ್ ಜೊತೆ ಹುಡುಗರ ದನಿ. ಒಟ್ಟು ಸುಮಾರು 85 ನಿಮಿಷ.

ಒಂದು ಜಾಗವನ್ನು ಬಿಡಿಸಿ ಹೇಳಲೇಬೇಕು. ಬೈಬಲ್ಲಿನಲ್ಲಿ ಅಬ್ರಹಾಮ ದೇವರ ಮಾತಿಗೆ ಕಟ್ಟುಬಿದ್ದು ಮಗ ಇಸಾಕನನ್ನು ಬಲಿ ಕೊಡಲು ಹೊರಡುತ್ತಾನೆ. ಕಡೇ ಗಳಿಗೆಯಲ್ಲಿ ದೇವದೂತ ತಡೆದು, ಬದಲಿಗೆ ಟಗರನ್ನು ತೋರಿಸುತ್ತಾನೆ. ಓವನ್ ಈ ಕತೆಯ ಕೊನೆಯನ್ನು ತಿರುಗಿಸಿದ. ಅವನ ಕವಿತೆಯಲ್ಲಿ ಮುದುಕ ದೇವದೂತನ ಮಾತು ಕೇಳುವುದಿಲ್ಲ. ಮಗನನ್ನು ಕೊಲ್ಲುತ್ತಾನೆ. ಅವನ ಜೊತೆ ಯುರೋಪಿನ ಅರ್ಧದಷ್ಟು ಮಕ್ಕಳನ್ನೂ, ಒಬ್ಬೊಬ್ಬರನ್ನಾಗಿ. ದೇವದೂತನ ಮಾತು ಬಂದಾಗ ಇಬ್ಬರು ಸೈನಿಕರೂ ಒಂದೇ ಉಸಿರಲ್ಲಿ, ಮೆತ್ತಗೆ, ಜೊತೆಯಾಗಿ ಹಾಡುತ್ತಾರೆ. ಆಮೇಲೆ ಕೊಲೆ. 'ಒಬ್ಬೊಬ್ಬರನ್ನಾಗಿ' ಅನ್ನುವ ಮಾತನ್ನು ಇಬ್ಬರೂ ತಡವರಿಸಿದ ಹಾಗೆ ಮತ್ತೆ ಮತ್ತೆ ಹೇಳುತ್ತಿರುವಾಗಲೇ ದೂರದಿಂದ ಹುಡುಗರು ಲ್ಯಾಟಿನ್‌ನಲ್ಲಿ ಶುರು ಮಾಡುತ್ತಾರೆ: ಕರ್ತನೇ, ನಿನಗೆ ಬಲಿಯನ್ನು ಅರ್ಪಿಸುತ್ತೇವೆ. ಆ ಎರಡು ದನಿಗಳ ತಾಳವೂ ಕೂಡುವುದಿಲ್ಲ, ಶ್ರುತಿಯೂ ಕೂಡುವುದಿಲ್ಲ. ಯಾರ ಬಲಿ, ಯಾರು ಕೊಡುತ್ತಿದ್ದಾರೆ ಅನ್ನುವುದು ಆಗ ಮೈ ಜುಮ್ಮೆನ್ನುವ ಹಾಗೆ ತಿಳಿಯುತ್ತದೆ.

ಆ ಇಬ್ಬರು 'ಸೈನಿಕರು' ಯಾರು?

ಒಬ್ಬರು ಇಂಗ್ಲೆಂಡಿನ ಪೀಟರ್ ಪಿಯರ್ಸ್. ಬ್ರಿಟ್ಟನ್ನರ ಬದುಕಿನ ಸಂಗಾತಿ. ಇಬ್ಬರೂ ಯುದ್ಧವನ್ನೇ ವಿರೋಧಿಸಿದವರು. ಬಂದೂಕು ಹಿಡಿಯುವುದಿಲ್ಲ ಅಂತ ಅಧಿಕಾರಿಗಳ ಮುಂದೆ ಹೇಳಿ, ಸಂಗೀತ ಕಚೇರಿಗಳನ್ನು ಮಾಡಿಕೊಂಡು ಯುದ್ಧಕಾಲ ಕಳೆದವರು.

ಇನ್ನೊಬ್ಬರು ಜರ್ಮನಿಯ ಡೀಟ್ರಿಶ್ ಫಿಷರ್-ಡೀಸ್ಕೌ. ಬರ್ಲಿನ್ನಿನ ಹುಡುಗ. ಹದಿಹರೆಯದಲ್ಲೇ ಹಿಟ್ಲರನ ಸೈನ್ಯಕ್ಕೆ ಎಳೆದುಕೊಂಡು ಹೋದರು. ರಷ್ಯಾ ಕಡೆ ಸೈನ್ಯದ ಕುದುರೆಗಳನ್ನು ನೋಡಿಕೊಂಡಿದ್ದರು. 1945ರಲ್ಲಿ ಇಟಲಿಯಲ್ಲಿ ಸೆರೆಸಿಕ್ಕರು. ಎರಡು ವರ್ಷ ಅಮೆರಿಕನ್ನರ ಸೆರೆಯಲ್ಲಿದ್ದು, ಅಲ್ಲೇ ಕೈದಿಗಳಿಗೆ ಹಾಡುತ್ತಿದ್ದರು. ಅವರ ಅಣ್ಣ ಅಂಗವಿಕಲರು. ಅವರನ್ನು ನಾಜಿಗಳು ಒಂದು ಸಂಸ್ಥೆಗೆ ಸೇರಿಸಿ, ಉಪವಾಸ ಕೆಡವಿ ಸಾಯಿಸಿದರು. ಕವೆಂಟ್ರಿಗೆ ಬಂದ 'ಶತ್ರು' ಇಂಥವನು. ಬಾಂಬ್ ಹಾಕಿದ ದೇಶದ ಸೈನಿಕ ಹೌದು. ಆ ದೇಶದ ಕೈಯಲ್ಲೇ ಅಣ್ಣನನ್ನು ಕಳಕೊಂಡವನೂ ಹೌದು.

ಕೃತಿಯ ಕೊನೆಯಲ್ಲಿ ಸತ್ತ ಇಬ್ಬರು ಸೈನಿಕರು ಕತ್ತಲ ಸುರಂಗವೊಂದರಲ್ಲಿ ಭೇಟಿಯಾಗುತ್ತಾರೆ. ನಿನ್ನೆ ನೀನು ಕೊಂದ ಶತ್ರು ನಾನೇ ಗೆಳೆಯಾ ಅಂತ ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ. ಬ್ರಿಟ್ಟನ್ ಆ ಮಾತನ್ನು ಹಾಡಲು ಕೊಟ್ಟಿದ್ದು ಜರ್ಮನ್ ಗಾಯಕನಿಗೆ. ಸುಟ್ಟುಹೋದ ಕೆಥೆಡ್ರಲ್ ಪಕ್ಕದಲ್ಲೇ ನಿಂತು, ಕವೆಂಟ್ರಿಯ ಜನರ ಎದುರು, ಇಂಗ್ಲಿಷಿನಲ್ಲಿ ಅವರು ಅದನ್ನು ಹಾಡಿದರು. ಸಾಯುವ ಜಾಗದಲ್ಲಿ ಜರ್ಮನನನ್ನು ನಿಲ್ಲಿಸಿದ್ದು, ಕೊಂದವನ ಜಾಗದಲ್ಲಿ ಇಂಗ್ಲಿಷ್ ಸೈನಿಕನನ್ನು ನಿಲ್ಲಿಸಿದ್ದು ಸಣ್ಣ ವಿಷಯ ಅಲ್ಲ. ತಾವೇ ಏಟು ತಿಂದ ಊರಿನಲ್ಲಿ 'ನಾವೂ ಕೊಂದಿದ್ದೇವೆ' ಅಂತ ಒಪ್ಪಿಕೊಂಡ ಹಾಗಾಯಿತು. ಆಮೇಲೆ ಇಬ್ಬರೂ ಸೇರಿ ಇನ್ನು ಮಲಗೋಣ ಅನ್ನುತ್ತಾರೆ. ಜುಗಲ್‌ಬಂದಿಯ ಹಾಗೆ ಒಬ್ಬರನ್ನೊಬ್ಬರು ಮೀರಿಸುವ ಆಟ ಅಲ್ಲಿಲ್ಲ. ಇಬ್ಬರೂ ಒಬ್ಬರ ಸಾಲನ್ನು ಇನ್ನೊಬ್ಬರು ಎತ್ತಿಕೊಂಡು ನಿಧಾನಕ್ಕೆ ಇಳಿಸುತ್ತಾರೆ. ಆಗ ಮೊದಲ ಸಲ ಹುಡುಗರು, ದೊಡ್ಡ ಗಾಯಕವೃಂದ, ಗಾಯಕಿ ಎಲ್ಲರ ದನಿಯೂ ಒಟ್ಟಿಗೆ ಸೇರುತ್ತದೆ.

ಕಚೇರಿ ಮುಗಿದಾಗ ಫಿಷರ್-ಡೀಸ್ಕೌ ಅಳುತ್ತಿದ್ದರು. ಕೂತ ಜಾಗದಿಂದ ಅವರನ್ನು ಎಬ್ಬಿಸುವುದು ಹೇಗೆಂದು ಪಿಯರ್ಸ್‌ಗೆ ತೋಚಲಿಲ್ಲ. ಸತ್ತ ಗೆಳೆಯರು, ಹಳೆಯ ನೋವುಗಳು ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು ಅಂತ ಫಿಷರ್-ಡೀಸ್ಕೌ ಆಮೇಲೆ ಬರೆದುಕೊಂಡಿದ್ದಾರೆ.

ಒಬ್ಬ ರಷ್ಯನ್ ಗಾಯಕಿಯೂ ಬರಬೇಕಿತ್ತು ಅಂತಾರಲ್ಲ?

ಹೌದು. ಗಾಯಕಿಯ ಪಾಲನ್ನು ಬ್ರಿಟ್ಟನ್ ಗಲೀನಾ ವಿಷ್ನೆವ್‌ಸ್ಕಯಾಗೆಂದೇ ಬರೆದಿದ್ದರು. ಲೆನಿನ್‌ಗ್ರಾಡ್ ನಗರಕ್ಕೆ ಜರ್ಮನರು ಹಾಕಿದ ಮುತ್ತಿಗೆಯಲ್ಲಿ ಹಸಿದು ಬದುಕುಳಿದವರು ಅವರು. ಇಂಗ್ಲೆಂಡ್, ಜರ್ಮನಿ, ರಷ್ಯಾ ಮೂರೂ ಒಂದೇ ವೇದಿಕೆಯಲ್ಲಿರಬೇಕು ಅನ್ನುವುದು ಯೋಚನೆ. ಸೋವಿಯತ್ ಸರ್ಕಾರ ಬಿಡಲಿಲ್ಲ. ಜರ್ಮನ್ ಮತ್ತು ಇಂಗ್ಲಿಷ್ ಗಾಯಕರ ಪಕ್ಕದಲ್ಲಿ ನಿಂತು ಇಂಥ ರಾಜಕೀಯ ಕೃತಿ ಹಾಡುವುದು ಹೇಗೆ ಅಂತ ಸಂಸ್ಕೃತಿ ಸಚಿವೆಯ ಆಕ್ಷೇಪ. ಬೆಲ್‌ಫಾಸ್ಟ್‌ನ ಹೆದರ್ ಹಾರ್ಪರ್ ಹತ್ತೇ ದಿನದಲ್ಲಿ ಆ ಕಷ್ಟದ ಪಾಲನ್ನು ಕಲಿತು ಹಾಡಿದರು. ಅವರ ಹೆಸರನ್ನು ಜನ ಇನ್ನೂ ಜಾಸ್ತಿ ನೆನೆಯಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

1963ರ ಜನವರಿಯಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣವಾದಾಗ ವಿಷ್ನೆವ್‌ಸ್ಕಯಾಗೆ ಅನುಮತಿ ಸಿಕ್ಕಿತು. ಅಂದುಕೊಂಡ ಮೂವರೂ ಆಗ ಸೇರಿದರು. ಆ ರೆಕಾರ್ಡು ಐದು ತಿಂಗಳಲ್ಲಿ ಎರಡು ಲಕ್ಷ ಪ್ರತಿ ಮಾರಾಟವಾಯಿತು. ಹೊಸ ಶಾಸ್ತ್ರೀಯ ಕೃತಿಗೆ ಅದು ಕಂಡು ಕೇಳರಿಯದ ಸಂಖ್ಯೆ.

ಮನೆಯಿಲ್ಲದವರಿಗೆ ಮನೆ ಕಟ್ಟೋದು ಬಿಟ್ಟು ಚರ್ಚು, ಸಂಗೀತ ಬೇಕಿತ್ತಾ?

ಇದನ್ನು ಮೊದಲು ಕೇಳಿದ್ದು ಕವೆಂಟ್ರಿಯ ನಗರಸಭೆಯೇ. 1954ರಲ್ಲಿ, ಮನೆ ಮತ್ತು ಶಾಲೆಗಳು ಮೊದಲಾಗಲಿ, ಕೆಥೆಡ್ರಲ್ಲಿಗೆ ಪರವಾನಗಿ ಕೊಡಬೇಡಿ ಅಂತ ಸರ್ಕಾರದ ಮುಂದೆ ಹೋದರು. ಸರ್ಕಾರ ಕೇಳದೆ ಪರವಾನಗಿ ಕೊಟ್ಟಿತು. ನಗರಸಭೆಯ ಮಾತಿನಲ್ಲಿ ನ್ಯಾಯ ಇತ್ತು. ಇವತ್ತು ಇಂಥ ಕಚೇರಿ ಏರ್ಪಡಿಸುವವರು ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಜರ್ಮನರ ಸಂಗೀತವೇ ಬೇಡ ಅಂತ ಇಂಗ್ಲಿಷರಿಗೆ ಅನ್ನಿಸಲಿಲ್ವಾ?

ಆಶ್ಚರ್ಯ ಏನಂದರೆ, ಯುದ್ಧ ನಡೆಯುತ್ತಿರುವಾಗಲೂ ಅಷ್ಟಾಗಿ ಅನ್ನಿಸಲಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿನ ಭಯಕ್ಕೆ ಊರಾಚೆ ಸಾಗಿಸಿದ್ದರು. ಆ ಬರಿದಾದ ಕೋಣೆಗಳಲ್ಲಿ ಪಿಯಾನೋ ವಾದಕಿ ಮೈರಾ ಹೆಸ್ 1939ರ ಅಕ್ಟೋಬರ್‌ನಿಂದ ಮಧ್ಯಾಹ್ನ ಊಟದ ಹೊತ್ತಿಗೆ ಕಚೇರಿ ಶುರು ಮಾಡಿದರು. ಆರೂವರೆ ವರ್ಷ, 1,600ಕ್ಕೂ ಹೆಚ್ಚು ಕಚೇರಿ. ಟಿಕೆಟ್ ಒಂದು ಶಿಲ್ಲಿಂಗ್. ನುಡಿಸುತ್ತಿದ್ದುದು ಬಹಳಷ್ಟು ಬಾಖ್, ಬೀಥೋವನ್, ಬ್ರಾಮ್ಸ್. ಹೆಸ್ ಸ್ವತಃ ಯಹೂದಿ ಮನೆತನದವರು. ಬಿಬಿಸಿಯಂತೂ ಬೀಥೋವನ್‌ನ ಐದನೇ ಸಿಂಫನಿಯ ಮೊದಲ ನಾಲ್ಕು ಸ್ವರಗಳನ್ನೇ ಗೆಲುವಿನ ಗುರುತಾಗಿ ಬಳಸಿತು. ಮೂರು ಗಿಡ್ಡ, ಒಂದು ಉದ್ದ: ಮೋರ್ಸ್ ಸಂಕೇತದಲ್ಲಿ ಅದು 'ವಿಕ್ಟರಿ'ಯ ಮೊದಲ ಅಕ್ಷರ. ಹಿಟ್ಲರ್ ಬೇರೆ, ಬೀಥೋವನ್ ಬೇರೆ ಅಂತ ಜನ ಆಗಲೇ ಬಿಡಿಸಿ ನೋಡಿದ್ದರು.

ಇಂಗ್ಲಿಷರೇನು ಸಾಚಾನಾ? ಜರ್ಮನಿಯ ಡ್ರೆಸ್ಡೆನ್ ನಗರ ಸುಟ್ಟವರು ಅವರೇ ಅಲ್ವಾ?

ಅವರೂ ಅಮೆರಿಕನ್ನರೂ ಸೇರಿ. 1945ರ ಫೆಬ್ರವರಿ 13ರಿಂದ 15ರವರೆಗೆ. ಸತ್ತವರು ಸುಮಾರು 25,000. ಕವೆಂಟ್ರಿಯ ಸಂಖ್ಯೆಯ ಪಕ್ಕ ಇಟ್ಟು ನೋಡಿದರೆ ಲೆಕ್ಕ ಯಾವ ಕಡೆ ಭಾರ ಅಂತ ಗೊತ್ತಾಗುತ್ತದೆ.

ಕವೆಂಟ್ರಿಯವರನ್ನು ನಾನು ಮೆಚ್ಚುವುದು ಇಲ್ಲೇ. ಅವರು ಈ ಲೆಕ್ಕದಿಂದ ಮುಖ ತಿರುಗಿಸಲಿಲ್ಲ. 1959ರಲ್ಲಿ, ಶೀತಲ ಸಮರ ಜೋರಾಗಿದ್ದಾಗ, ಪೂರ್ವ ಜರ್ಮನಿಯಲ್ಲಿದ್ದ ಡ್ರೆಸ್ಡೆನ್ ಜೊತೆ ಅವಳಿ ನಗರದ ನಂಟು ಬೆಳೆಸಿದರು. ಕವೆಂಟ್ರಿಯ ಅವಶೇಷಗಳ ಮೂಲೆಯೊಂದರಲ್ಲಿ ಜರ್ಮನಿಯ ಯುವಕರು ಬಂದು ಕಟ್ಟಡ ಕೆಲಸ ಮಾಡಿದ್ದರು. ಅದಕ್ಕೆ ಮರುಭೇಟಿಯ ಹಾಗೆ 1965ರಲ್ಲಿ ಇಂಗ್ಲಿಷ್ ಯುವಕ ಯುವತಿಯರು ಡ್ರೆಸ್ಡೆನ್‌ಗೆ ಹೋಗಿ, ಬಾಂಬಿಗೆ ಸಿಕ್ಕ ಆಸ್ಪತ್ರೆಯ ಇಟ್ಟಿಗೆ ಕಲ್ಲು ಹೊತ್ತರು. ಡ್ರೆಸ್ಡೆನ್ನಿನ ಫ್ರೌವೆನ್‌ಕಿರ್ಖೆ ಚರ್ಚು ನಲವತ್ತು ವರ್ಷಕ್ಕೂ ಜಾಸ್ತಿ ಕಲ್ಲಿನ ಗುಡ್ಡೆಯಾಗಿ ಬಿದ್ದಿತ್ತು. 2005ರಲ್ಲಿ ಅದು ಮತ್ತೆ ಎದ್ದಾಗ ಅದರ ಗುಮ್ಮಟದ ಮೇಲಿನ ಚಿನ್ನದ ಶಿಲುಬೆಯನ್ನು ಮಾಡಿದ್ದು ಲಂಡನ್ನಿನ ಕುಶಲಕರ್ಮಿ ಅಲನ್ ಸ್ಮಿತ್. ಅವರ ತಂದೆ ಆ ದಾಳಿಯಲ್ಲಿ ವಿಮಾನ ನಡೆಸಿದವರು.

ಹಾಗಾಗಿ 1962ರ ಕಚೇರಿಯನ್ನು ಒಂಟಿಯಾಗಿ ನೋಡಬಾರದು. ಅದರ ಹಿಂದೆ ಇಪ್ಪತ್ತು ವರ್ಷದ ಕೆಲಸ ಇತ್ತು, ಮುಂದೆ ನಲವತ್ತು ವರ್ಷದ ಕೆಲಸ ಬಂತು. ಸುಮ್ನೆ ಒಂದು ಸಂಜೆ ಹಾಡಿ ಎದ್ದು ಹೋಗಿದ್ದರೆ ಇಷ್ಟೊತ್ತಿಗೆ ಮರೆತುಹೋಗಿರುತ್ತಿತ್ತು.

ಯಹೂದಿಗಳೂ ಇಷ್ಟು ಬೇಗ ಮನಸ್ಸು ಮಾಡಿದರಾ?

ಬಹಳ ಜನ ಮಾಡಲಿಲ್ಲ, ಮಾಡಬೇಕು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಒಬ್ಬರು ಮಾಡಿದರು: ಪಿಟೀಲು ವಾದಕ ಯೆಹೂದಿ ಮೆನುಹಿನ್. 1945ರ ಜುಲೈನಲ್ಲಿ ಅವರು, ಪಿಯಾನೋಗೆ ಬ್ರಿಟ್ಟನ್ನರನ್ನೇ ಕರಕೊಂಡು, ಬೆಲ್ಸೆನ್ ಯಾತನಾ ಶಿಬಿರದಲ್ಲಿ ಬದುಕುಳಿದವರ ಮುಂದೆ ನುಡಿಸಿದರು. ಅಲ್ಲಿ ಕಂಡಿದ್ದನ್ನು ಬ್ರಿಟ್ಟನ್ ಬಹಳ ವರ್ಷ ಯಾರ ಹತ್ತಿರವೂ ಆಡಲಿಲ್ಲ. ತಾನು ಆಮೇಲೆ ಬರೆದ ಎಲ್ಲದರ ಮೇಲೂ ಅದರ ನೆರಳಿದೆ ಅಂತ ಕೊನೆಗಾಲದಲ್ಲಿ ಪಿಯರ್ಸ್‌ಗೆ ಹೇಳಿದರಂತೆ. 'ವಾರ್ ರೆಕ್ವಿಯಂ' ಕೇಳುವಾಗ ಇದು ಗೊತ್ತಿರಬೇಕು.

1947ರಲ್ಲಿ ಮೆನುಹಿನ್ ಬರ್ಲಿನ್ನಿಗೆ ಹೋಗಿ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಜೊತೆ ಬೀಥೋವನ್ ನುಡಿಸಿದರು. ಹಿಟ್ಲರನ ಕಾಲದಲ್ಲಿ ದೇಶ ಬಿಡದೆ ಅಲ್ಲೇ ಉಳಿದ ಕಂಡಕ್ಟರ್, ಅಂದರೆ ಆರ್ಕೆಸ್ಟ್ರಾ ನಡೆಸುವವರು, ಈ ಫುರ್ಟ್‌ವೆಂಗ್ಲರ್. ಯಹೂದಿಗಳಿಗೆ ಸಿಟ್ಟು ಬಂತು. ಬರ್ಲಿನ್ನಿನ ನಿರಾಶ್ರಿತರ ಶಿಬಿರದಲ್ಲಿ ಮೆನುಹಿನ್ ಕಚೇರಿ ಇಟ್ಟುಕೊಂಡರೆ ಜನವೇ ಬರಲಿಲ್ಲ. ಅವರು ಮತ್ತೆ ಅಲ್ಲಿಗೆ ಹೋಗಿ, ಪಿಟೀಲಿಲ್ಲದೆ, ಸಿಟ್ಟಾದ ಜನರ ಎದುರು ನಿಂತು ತಮ್ಮ ಮಾತು ಹೇಳಿದರು. ಬೈಗುಳ ತಿಂದರು. ನನ್ನ ಪ್ರಕಾರ ಆ ಮಾತುಕತೆ ಕಚೇರಿಗಿಂತ ದೊಡ್ಡದು.

ಇದೇ ಮೆನುಹಿನ್ 1952ರಲ್ಲಿ ನೆಹರೂ ಕರೆದರೆಂದು ಭಾರತಕ್ಕೆ ಬಂದು ಬರ ಪರಿಹಾರಕ್ಕಾಗಿ ನುಡಿಸಿದರು. ಆಗ ಮುಂಬೈಯಲ್ಲಿ ಅವರಿಗೆ ಯೋಗ ಹೇಳಿಕೊಟ್ಟವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್.

ಇಸ್ರೇಲಿಗಳೂ ಅರಬರೂ ಸೇರಿ ನುಡಿಸುವ ಆರ್ಕೆಸ್ಟ್ರಾ ಇದೆಯಂತೆ?

ಇದೆ. ವೆಸ್ಟ್-ಈಸ್ಟರ್ನ್ ದಿವಾನ್ ಆರ್ಕೆಸ್ಟ್ರಾ. ಇಸ್ರೇಲಿನಲ್ಲಿ ಬೆಳೆದ ಪಿಯಾನೋ ವಾದಕ ಡೇನಿಯಲ್ ಬರೆನ್‌ಬಾಯ್ಮ್ ಮತ್ತು ಪ್ಯಾಲೆಸ್ಟೈನ್ ಮೂಲದ ವಿದ್ವಾಂಸ ಎಡ್ವರ್ಡ್ ಸಯೀದ್ ಸೇರಿ 1999ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರು ಮಾಡಿದರು. ಪರ್ಷಿಯನ್ ಕವಿ ಹಾಫಿಜ್‌ನಿಂದ ಸ್ಫೂರ್ತಿ ಪಡೆದು ಜರ್ಮನ್ ಕವಿ ಗಯಟೆ ಬರೆದ ಕವನ ಸಂಕಲನದ ಹೆಸರೇ ಇದರ ಹೆಸರು. ವೈಮಾರ್ ಗಯಟೆಯ ಊರು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬೂಖೆನ್‌ವಾಲ್ಡ್ ಯಾತನಾ ಶಿಬಿರ ಇತ್ತು. ಹುಡುಗರನ್ನು ಅಲ್ಲಿಗೂ ಕರಕೊಂಡು ಹೋದರು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಕವೆಂಟ್ರಿಯವರದ್ದು ಮುಗಿದ ಯುದ್ಧ. ಇವರದ್ದು ನಡೆಯುತ್ತಿರುವುದು. ಇದು ಶಾಂತಿಯ ಆರ್ಕೆಸ್ಟ್ರಾ ಅಲ್ಲ, ಒಬ್ಬರ ಬಗ್ಗೆ ಒಬ್ಬರಿಗಿರುವ ಅಜ್ಞಾನದ ವಿರುದ್ಧದ ಕೆಲಸ ಅಂತ ಬರೆನ್‌ಬಾಯ್ಮ್ ಅವರೇ ಮತ್ತೆ ಮತ್ತೆ ಹೇಳಿದ್ದಾರೆ. ಆರ್ಕೆಸ್ಟ್ರಾದಲ್ಲಿ ಇಬ್ಬರು ಪಿಟೀಲಿನವರಿಗೆ ಒಂದೇ ಸ್ಟ್ಯಾಂಡು, ಒಂದೇ ಸ್ವರಲಿಪಿ. ಒಬ್ಬರು ಹಾಳೆ ತಿರುವಬೇಕು, ಅಷ್ಟು ಹೊತ್ತು ಇನ್ನೊಬ್ಬರು ನುಡಿಸುತ್ತಲೇ ಇರಬೇಕು. ಕಮಾನು ಇಬ್ಬರದೂ ಒಟ್ಟಿಗೆ ಮೇಲೆ ಹೋಗಬೇಕು, ಒಟ್ಟಿಗೆ ಇಳಿಯಬೇಕು. ಸಿರಿಯಾದ ಹುಡುಗ, ಇಸ್ರೇಲಿನ ಹುಡುಗ ಹೀಗೆ ಒಂದು ಸ್ಟ್ಯಾಂಡಿನ ಮುಂದೆ ಕೂತು ಒಂದೇ ಸ್ವರವನ್ನು ಒಂದೇ ತೂಕದಲ್ಲಿ ಹಿಡಿಯಲು ಒದ್ದಾಡುತ್ತಾರೆ. ಸಂಜೆ ರಾಜಕೀಯದ ಜಗಳ ಜೋರಾಗಿಯೇ ನಡೆಯುತ್ತದೆ. ಮಾರನೇ ದಿನ ಬೆಳಗ್ಗೆ ಮತ್ತೆ ಅದೇ ಸ್ಟ್ಯಾಂಡು.

2005ರ ಆಗಸ್ಟ್‌ನಲ್ಲಿ ಅವರು ಪ್ಯಾಲೆಸ್ಟೈನಿನ ರಮಲ್ಲಾದಲ್ಲಿ ಕಚೇರಿ ಮಾಡಿದರು. ಅಲ್ಲಿಗೆ ಹೋಗುವುದು ಇಸ್ರೇಲಿಗಳಿಗೂ ಕಾನೂನುಬಾಹಿರ, ಸಿರಿಯಾ ಲೆಬನಾನಿನವರಿಗೂ ಅಪಾಯ. ಸ್ಪೇನ್ ಸರ್ಕಾರ ಎಲ್ಲರಿಗೂ ರಾಜತಾಂತ್ರಿಕ ಪಾಸ್‌ಪೋರ್ಟ್ ಕೊಟ್ಟಿತು. ಎರಡು ಗುಂಪು ಬೇರೆ ಬೇರೆ ದಾರಿಯಲ್ಲಿ ಬಂದು ಸೇರಿದವು. ಸಯೀದ್ ಅದನ್ನು ನೋಡಲಿಲ್ಲ. 2003ರಲ್ಲೇ ತೀರಿಕೊಂಡಿದ್ದರು. 2009ರ ಜನವರಿಯಲ್ಲಿ ಗಾಜಾ ಯುದ್ಧದಿಂದ ದೋಹಾ, ಕೈರೋ ಕಚೇರಿಗಳು ರದ್ದಾದವು. ಆಕ್ರಮಣವನ್ನು ಮಾಮೂಲಿ ಮಾಡುವ ಪ್ರಯತ್ನ ಇದು ಅಂತ ಪ್ಯಾಲೆಸ್ಟೈನಿನ ಕೆಲವರು ಬಹಿಷ್ಕಾರ ಹಾಕಿದ್ದಾರೆ. ಆ ಟೀಕೆಯನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಹೊರಗೆ ಸಮಾನತೆ ಇಲ್ಲದಾಗ ಆರ್ಕೆಸ್ಟ್ರಾದೊಳಗಿನ ಸಮಾನತೆ ಎಷ್ಟು ಹೊತ್ತಿನದು ಅನ್ನುವ ಪ್ರಶ್ನೆ ಅದರಲ್ಲಿದೆ. ಆದರೂ 2023ರ ಅಕ್ಟೋಬರ್ ತಿಂಗಳಲ್ಲಿ ಗಾಜಾ ಯುದ್ಧ ಮತ್ತೆ ಶುರುವಾದ ನಂತರವೂ ಈ ಆರ್ಕೆಸ್ಟ್ರಾ ಒಡೆದುಹೋಗಿಲ್ಲ.

ಇಂಥ ಕಚೇರಿಗಳು ಕೆಟ್ಟ ಉದಾಹರಣೆ ಇದೆಯಾ?

ಬೇಕಾದಷ್ಟಿದೆ. ಅವುಗಳಿಂದಲೇ ಕಲಿಯುವುದು ಜಾಸ್ತಿ.

ಬೋಸ್ನಿಯಾದ ಸರಾಯೆವೋ ನಗರದ ಗ್ರಂಥಾಲಯವನ್ನು 1992ರಲ್ಲಿ ಸರ್ಬ್ ಪಡೆಗಳು ಶೆಲ್ ಹಾಕಿ ಸುಟ್ಟವು. ಮೊದಲ ಮಹಾಯುದ್ಧಕ್ಕೆ ಕಾರಣವಾದ, ಅದೇ ಊರಿನಲ್ಲಿ ಆದ ಆಸ್ಟ್ರಿಯಾದ ಯುವರಾಜನ ಕೊಲೆಗೆ ನೂರು ವರ್ಷ ತುಂಬಿದ ದಿನ, 2014ರ ಜೂನ್ 28ರಂದು, ದುರಸ್ತಿಯಾದ ಅದೇ ಕಟ್ಟಡದಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ನುಡಿಸಿತು. ಸರ್ಬ್ ನಾಯಕರು ಬರಲೇ ಇಲ್ಲ. ಕಟ್ಟಡವನ್ನು 'ಸರ್ಬ್ ಅಪರಾಧಿಗಳು' ಸುಟ್ಟರು ಅಂತ ಬಾಗಿಲ ಹತ್ತಿರ ಫಲಕ ಇತ್ತು. ಅದು ಅವರಿಗೆ ಆಗಲಿಲ್ಲ. ಅವರು ಬೇರೆ ಊರಿನಲ್ಲಿ ಬೇರೆ ಸಮಾರಂಭ ಮಾಡಿಕೊಂಡರು. ನಡೆದದ್ದೇನು ಅನ್ನುವುದೇ ಇತ್ಯರ್ಥ ಆಗದಿದ್ದಾಗ ಎಂಥ ಆರ್ಕೆಸ್ಟ್ರಾ ಬಂದರೂ ಒಂದು ಕಡೆಯ ಕುರ್ಚಿ ಖಾಲಿ.

ಶ್ರೀನಗರದ ಶಾಲಿಮಾರ್ ತೋಟದಲ್ಲಿ 2013ರ ಸೆಪ್ಟೆಂಬರ್ 7ರಂದು ಜುಬಿನ್ ಮೆಹ್ತಾ ಜರ್ಮನಿಯ ಬವೇರಿಯನ್ ಸ್ಟೇಟ್ ಆರ್ಕೆಸ್ಟ್ರಾ ಕರೆತಂದರು. ಏರ್ಪಾಟು ಜರ್ಮನ್ ರಾಯಭಾರ ಕಚೇರಿಯದು. ಕಾಶ್ಮೀರಿ ವಾದ್ಯಗಾರರೂ ಜೊತೆಗಿದ್ದರು, ಆ ಭಾಗ ಕಿವಿಗೆ ಇಂಪಾಗಿತ್ತು. ಆದರೆ ಒಳಗೆ ಹೋಗಲು ಆಹ್ವಾನ ಇದ್ದವರಿಗೆ ಮಾತ್ರ ಅವಕಾಶ, ಸುತ್ತ ಪೊಲೀಸ್ ಪಹರೆ. ಊರಲ್ಲಿ ಬಂದ್. ಇದಕ್ಕೆ ಎದುರಾಗಿ ಊರವರು ಇನ್ನೊಂದು ಕಾರ್ಯಕ್ರಮ ಇಟ್ಟುಕೊಂಡರು. ಅದೇ ದಿನ ಶೋಪಿಯಾನ್‌ನಲ್ಲಿ ಭದ್ರತಾ ಪಡೆಯ ಗುಂಡಿಗೆ ಜನ ಸತ್ತರು. ಮೆಹ್ತಾ ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಮುಂದಿನ ಸಲ ಎಲ್ಲರಿಗೂ ಬಾಗಿಲು ತೆರೆದು ನುಡಿಸುವ ಆಸೆಯನ್ನೂ ಹೇಳಿಕೊಂಡರು. ಆದರೆ ಯಾರ ಮನಸ್ಸು ನೊಂದಿದೆಯೋ ಅವರೇ ಬೇಲಿಯಾಚೆ ಉಳಿದ ಮೇಲೆ ಅದಕ್ಕೆ ಸೌಹಾರ್ದದ ಹೆಸರಿಡುವುದು ತಪ್ಪು.

2008ರ ಫೆಬ್ರವರಿ 26ರಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ನಲ್ಲಿ ನುಡಿಸಿತು. ಎರಡೂ ದೇಶಗಳ ರಾಷ್ಟ್ರಗೀತೆ, ಡ್ವೊರ್‌ಝಾಕ್, ಗರ್ಶ್ವಿನ್, ಕೊನೆಗೆ ಕೊರಿಯಾದ ಜಾನಪದ ಹಾಡು 'ಅರಿರಂಗ್'. ಟಿ.ವಿ.ಯಲ್ಲಿ ನೇರ ಪ್ರಸಾರವೂ ಆಯಿತು. ಮರುವರ್ಷ ಮೇ ತಿಂಗಳಲ್ಲಿ ಉತ್ತರ ಕೊರಿಯಾ ಮತ್ತೆ ಅಣು ಪರೀಕ್ಷೆ ಮಾಡಿತು. ಹಾಗಾದರೆ ಎಲ್ಲ ವ್ಯರ್ಥವೇ? ಕಚೇರಿಯ ಮಾರನೇ ದಿನ ನಾಲ್ವರು ಅಮೆರಿಕದ ವಾದಕರು, ನಾಲ್ವರು ಕೊರಿಯನ್ನರು ಸೇರಿ ಮೆಂಡೆಲ್ಸನ್ನನ ಅಷ್ಟವಾದ್ಯ ಕೃತಿ ನುಡಿಸಿದರು. ಎಂಟೂ ಜನ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ನುಡಿಸಲಾಗದ ಕೃತಿ ಅದು. ಆ ಭೇಟಿಯಲ್ಲಿ ನನಗೆ ನಿಜ ಅನ್ನಿಸುವುದು ಇದೊಂದೇ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. ನಾಜಿ ಸರ್ಕಾರದ ಸಂಗೀತ ಸಂಸ್ಥೆಗೆ ಕೆಲಕಾಲ ಅಧ್ಯಕ್ಷರಾಗಿದ್ದ ಕಳಂಕ ಅವರ ಮೇಲಿತ್ತು. ಅವರು ಬಿಟ್ಟುಹೋದ 'ಕೊನೆಯ ನಾಲ್ಕು ಹಾಡುಗಳ' ಮೊದಲ ಕಚೇರಿ ನಡೆದದ್ದು ಲಂಡನ್ನಿನಲ್ಲಿ, 1950ರ ಮೇ 22ರಂದು. ಕಂಡಕ್ಟರ್ ಅದೇ ಫುರ್ಟ್‌ವೆಂಗ್ಲರ್. ಹಿಂದಿನ ವರ್ಷವಷ್ಟೇ ಅವರನ್ನು ಚಿಕಾಗೋಗೆ ಬರಬೇಡಿ ಅಂತ ಸಂಗೀತಗಾರರು ತಡೆದಿದ್ದರು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ನುಡಿಸಿದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಖರ್ಚಿಗೆ 4,800 ಡಾಲರ್ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಅವರು ಆ ಕಚೇರಿಗೆ ಹೋಗಿರಲಿಲ್ಲ. ಅದರ ಧ್ವನಿಮುದ್ರಣ ಮೈಸೂರಿಗೆ ಬಂದು ಅವರ ಸಾವಿರಾರು ರೆಕಾರ್ಡುಗಳ ಸಂಗ್ರಹ ಸೇರಿತು.

ಮಹಾರಾಜರು ಇದನ್ನು ಸಂಧಾನಕ್ಕೆಂದು ಮಾಡಲಿಲ್ಲ, ಸಂಗೀತದ ಮೇಲಿನ ಪ್ರೀತಿಗೆ ಮಾಡಿದರು. ಆದರೂ ಯುದ್ಧ ಮುಗಿದು ಐದೇ ವರ್ಷಕ್ಕೆ, ಬಾಂಬಿನ ಗಾಯ ಆರದ ಲಂಡನ್ನಿನಲ್ಲಿ, ಜರ್ಮನ್ ರಚನೆಗೆ ಜರ್ಮನ್ ಕಂಡಕ್ಟರ್, ಇಂಗ್ಲಿಷ್ ವಾದ್ಯಗಾರರು ಸೇರಿದ್ದು ಮೈಸೂರಿನ ದುಡ್ಡಿನಿಂದ. ಹೆಮ್ಮೆಪಡುವ ಸಂಗತಿ ಅಲ್ವಾ?

ಭಾರತ, ಪಾಕಿಸ್ತಾನದ ನಡುವೆ ಯಾಕೆ ಹೀಗೊಂದು ಆಗಬಾರದು?

ಸಂಗೀತದ ಕಡೆಯಿಂದ ಅಡ್ಡಿ ಇಲ್ಲ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಅದೇ ಖಾನ್ ಸಾಹೇಬರ ಇನ್ನೊಬ್ಬ ಶಿಷ್ಯೆ ರೋಷನ್ ಆರಾ ಬೇಗಂ 1948ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಲಾಲಾಮೂಸಾದಲ್ಲಿ ನೆಲೆಸಿದರು. ಧಾರವಾಡ ಸೀಮೆಯಲ್ಲೂ ಲಾಲಾಮೂಸಾದಲ್ಲೂ ಅರಳಿದ್ದು ಒಂದೇ ಗುರುವಿನ ಗಾಯನ ಶೈಲಿ. ವಿಭಜನೆಯಲ್ಲಿ ಎರಡೂ ಕಡೆ ಸತ್ತ ಲಕ್ಷಾಂತರ ಜನರನ್ನು ಒಟ್ಟಿಗೆ ನೆನೆಯುವ ಕಚೇರಿ ಮಾತ್ರ ಇನ್ನೂ ಬಾಕಿ ಇದೆ. ಅಮೃತಸರದಲ್ಲೋ ಲಾಹೋರಿನಲ್ಲೋ, ಎರಡೂ ಕಡೆಯ ಗಾಯಕರು ಕೂತು ಹಾಡುವಂಥದ್ದು. ಅದಕ್ಕೆ ಮೊದಲು 'ನಮ್ಮವರೂ ಕೊಂದರು' ಅಂತ ಹೇಳುವವರು ಎರಡೂ ಕಡೆ ಬೇಕು.

'ವಾರ್ ರೆಕ್ವಿಯಂ' ಕೇಳಬೇಕು, ಪಾಶ್ಚಾತ್ಯ ಸಂಗೀತ ಅಭ್ಯಾಸ ಇಲ್ಲ. ಎಲ್ಲಿಂದ ಶುರು ಮಾಡಲಿ?

ಪೂರ್ತಿ 85 ನಿಮಿಷ ಒಂದೇ ಸಲ ಕೇಳಲು ಹೋಗಬೇಡಿ. 1963ರ ಧ್ವನಿಮುದ್ರಣವನ್ನೇ ಹುಡುಕಿ, ಬ್ರಿಟ್ಟನ್ ಸ್ವತಃ ನಡೆಸಿದ್ದು, ಅಂದುಕೊಂಡ ಮೂವರು ಗಾಯಕರೂ ಅದರಲ್ಲಿದ್ದಾರೆ. ಮೊದಲು 'ಅಫರ್ಟೋರಿಯಂ' ಭಾಗ ಕೇಳಿ, ಅಬ್ರಹಾಮನ ಕತೆ ಬರುವುದು ಅಲ್ಲಿ. ಆಮೇಲೆ ಕೊನೆಯ ಭಾಗ 'ಲಿಬೆರಾ ಮೆ'ಗೆ ಹೋಗಿ. ಅದರ ಮೊದಲರ್ಧ ಗದ್ದಲ ಇದೆ, ಹೆದರಬೇಡಿ. ಗದ್ದಲ ಇಳಿದ ಮೇಲೆ ಸೈನಿಕರಿಬ್ಬರ ಭೇಟಿ. ಕವಿತೆಗಳ ಪಠ್ಯ ಕೈಯಲ್ಲಿರಲಿ, ಸಾಲು ಸಾಲಾಗಿ ನೋಡುತ್ತಾ ಕೇಳಿ. ಹುಡುಗರ ದನಿ ಬೇಕೆಂದೇ ದೂರದಿಂದ ಬರುವ ಹಾಗೆ ಇಟ್ಟಿದ್ದಾರೆ, ಮೊಬೈಲ್ ಸ್ಪೀಕರ್‌ನಲ್ಲಿ ಅದು ಕೇಳಿಸುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.